ರೇಟು ಗೊತ್ತಾದರೆ ರೇಟು ಸಿಗುತ್ತದಾ? ಓದಿದವರು, ಮಂಡಿ ಕಂಡವರು ದಯವಿಟ್ಟು ಹೇಳಿ

ಹೊಲದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ. ಆರು ಎಕರೆ ಹೊಲ, ಮಳೆ ನಂಬಿದ ಬೇಸಾಯ. ಹೆಚ್ಚಿನದು ಮೆಕ್ಕೆಜೋಳ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಕಳೆದ ಸುಗ್ಗಿಯಲ್ಲಿ ಅಪ್ಪನ ಮೊಬೈಲಿಗೆ ದಿನಾ ರೇಟು ಬರುವ ಹಾಗೆ ಮಾಡಿಕೊಟ್ಟೆ. ಸುತ್ತಮುತ್ತಲಿನ ನಾಲ್ಕು ಮಾರುಕಟ್ಟೆಯ ರೇಟು. ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ಓದುತ್ತಿದ್ದರು, ಪಕ್ಕದ ಮನೆಯವರಿಗೂ ಹೇಳುತ್ತಿದ್ದರು. ಕೊನೆಗೆ ಮಾಲು ಹೋದದ್ದು ಮಾತ್ರ ಹದಿನೈದು ವರ್ಷದಿಂದ ಹೋಗುತ್ತಿದ್ದ ಅದೇ ದಲ್ಲಾಳಿ ಅಂಗಡಿಗೆ. ಅವತ್ತು ಇನ್ನೊಂದು ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ಅರವತ್ತು ರೂಪಾಯಿ ಜಾಸ್ತಿ ಇತ್ತು. ಅದೂ ಅಪ್ಪನಿಗೆ ಗೊತ್ತಿತ್ತು.

ಮನೆಗೆ ಬಂದು ಕೇಳಿದರು: "ರೇಟು ಗೊತ್ತಾಯ್ತವ್ವಾ, ಅದರಿಂದ ಬಂದದ್ದೇನು?" ನನಗೆ ಉತ್ತರ ಹೊಳೆಯಲಿಲ್ಲ.

ಯಾಕೆಂದರೆ ತರಗತಿಯಲ್ಲಿ ನಾವು ಓದಿದ್ದೇ ಬೇರೆ. ರಾಬರ್ಟ್ ಜೆನ್ಸನ್ ಅವರು 2007ರಲ್ಲಿ ಪ್ರಕಟಿಸಿದ ಕೇರಳದ ಮೀನುಗಾರರ ಅಧ್ಯಯನ. ಕೋಳಿಕ್ಕೋಡ್, ಕಣ್ಣೂರು, ಕಾಸರಗೋಡು, ಈ ಮೂರು ಜಿಲ್ಲೆಗಳ ಕರಾವಳಿಗೆ ಮೊಬೈಲ್ ಒಟ್ಟಿಗೆ ಬರಲಿಲ್ಲ. 1997ರಿಂದ 2000ದ ನಡುವೆ ಒಂದಾದ ಮೇಲೆ ಒಂದರಂತೆ ಬಂತು. ಹಾಗಾಗಿ ಫೋನ್ ಬಂದ ಕಡೆ, ಬಾರದ ಕಡೆ ಏನಾಯಿತು ಅಂತ ಹೋಲಿಸಿ ನೋಡಲು ಆಯಿತು. ಫೋನ್ ಬರುವ ಮೊದಲಿನ ಒಂದು ದಿನದ ಲೆಕ್ಕ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 1997ರ ಜನವರಿ 14. ವಡಕರದ ದಡದಲ್ಲಿ ಕೊಳ್ಳುವವರಿಲ್ಲದೆ 11 ಮೀನುಗಾರರು ಹಿಡಿದ ಮೀನನ್ನು ಚೆಲ್ಲಿ ಹೋದರು. ಅದೇ ಬೆಳಿಗ್ಗೆ, 15 ಕಿಲೋಮೀಟರ್ ಒಳಗೆ, 27 ಜನ ಕೊಳ್ಳುವವರು ಮೀನು ಸಿಗದೆ ಬರಿಗೈಯಲ್ಲಿ ವಾಪಸ್ ಹೋಗುತ್ತಿದ್ದರು.

ಫೋನ್ ಬಂದ ಮೇಲೆ ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸುಮಾರು ಶೇ. 8 ಏರಿತು. ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಎರಡೂ ಕಡೆಯವರಿಗೆ ಒಳ್ಳೆಯದಾಯಿತು.

ಅಲ್ಲಿ ಆದದ್ದು ನಮ್ಮ ಅಪ್ಪನಿಗೆ ಯಾಕೆ ಆಗಲಿಲ್ಲ? ತಿಳಿದವರು ಹೇಳಿ. ಪರೀಕ್ಷೆಗೆ ಬೇಕಾಗಿ ಕೇಳುತ್ತಿಲ್ಲ, ಅಪ್ಪನಿಗೆ ಉತ್ತರ ಕೊಡಬೇಕು.

ಕಡಲದಂಡೆ:

ನಾನು ಕಾಸರಗೋಡಿನವನು, ಈಗ ಮಂಗಳೂರಿನಲ್ಲಿ ಕೆಲಸ. ನೀವು ಬರೆದ ಕಥೆ ನಮ್ಮ ದಡದ್ದು. ನಮ್ಮ ಜಿಲ್ಲೆಗೆ ಫೋನ್ ಕೊನೆಗೆ ಬಂತು, 2000ದ ಮೇ ತಿಂಗಳಲ್ಲಿ. ನಾನಾಗ ಚಿಕ್ಕವನು. ದೊಡ್ಡಪ್ಪ ದೋಣಿಗೆ ಹೋಗುತ್ತಿದ್ದರು.

ಒಂದು ವಿಷಯ ಗಮನಿಸಿ. ಆ ಅಧ್ಯಯನದಲ್ಲಿ ಇರುವುದು ಬೂತಾಯಿ ಮೀನು. ಬೆಳಿಗ್ಗೆ ಹಿಡಿದದ್ದು ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನಕ್ಕೆ ಅದು ಗೊಬ್ಬರ. ಇನ್ನೊಂದು, ದೋಣಿ ಆಗಲೇ ನೀರಿನ ಮೇಲಿದೆ. ಈ ದಡ ಬಿಟ್ಟು ಆ ದಡಕ್ಕೆ ಹೋಗಲು ಸ್ವಲ್ಪ ಎಣ್ಣೆ ಜಾಸ್ತಿ ಸುಡಬೇಕು, ಅಷ್ಟೇ. ಮೊದಲು ಸಮಸ್ಯೆ ಇದ್ದದ್ದು ಒಂದೇ: ಯಾವ ದಡಕ್ಕೆ ಹೋದರೆ ಕೊಳ್ಳುವವರು ಇದ್ದಾರೆ ಅಂತ ಸಮುದ್ರದ ಮೇಲಿಂದ ತಿಳಿಯುತ್ತಿರಲಿಲ್ಲ. ಎರಡು ದಡ ತಿರುಗಿ ನೋಡುವಷ್ಟರಲ್ಲಿ ಸಂತೆ ಮುಗಿದಿರುತ್ತಿತ್ತು. ಟವರ್ ಸಿಗ್ನಲ್ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಒಳಗಿನ ಸಮುದ್ರಕ್ಕೂ ಸಿಗುತ್ತಿತ್ತು. ಅಲ್ಲಿಂದಲೇ ಫೋನ್ ಮಾಡಿ, ದೋಣಿ ತಿರುಗಿಸುವುದು.

ನಿಮ್ಮ ಅಪ್ಪನವರ ಮೆಕ್ಕೆಜೋಳ ನೀರಿನ ಮೇಲಿಲ್ಲವಲ್ಲ. ಅದನ್ನು ಇನ್ನೊಂದು ಮಾರುಕಟ್ಟೆಗೆ ಹೊತ್ತುಕೊಂಡು ಹೋಗಲು ಟ್ರ್ಯಾಕ್ಟರ್ ಬಾಡಿಗೆ ಎಷ್ಟು? ಮೊದಲು ಆ ಲೆಕ್ಕ ಹಾಕಿ ನೋಡಿ.

ಇನ್ನೊಂದು ಮಾತು. ಎಲ್ಲ ದಡದಲ್ಲೂ ಹೀಗೆ ಆಗಲಿಲ್ಲ. ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಅನ್ನುವ ಇಬ್ಬರು ಸಂಶೋಧಕರು ಆಮೇಲೆ ಕೇರಳದ ಮೀನುಗಾರರ ನಡುವೆ ಓಡಾಡಿ 2013ರಲ್ಲಿ ಬರೆದಿದ್ದಾರೆ. ಬಲೆಗೆ, ಎಂಜಿನ್ನಿಗೆ ಸಾಲ ಕೊಟ್ಟ ಹರಾಜುದಾರ ಇದ್ದರೆ ಮೀನು ಅವನ ಮೂಲಕವೇ ಮಾರಬೇಕು. ಅಂಥ ಕಡೆ ಫೋನ್ ಕೈಯಲ್ಲಿದ್ದರೂ ದೋಣಿ ತಿರುಗಿಸಲು ಆಗುವುದಿಲ್ಲ. ನಮ್ಮ ದೊಡ್ಡಪ್ಪನಿಗೂ ಇದು ಚೆನ್ನಾಗಿ ಗೊತ್ತಿತ್ತು. ಸಾಲ ತೀರಿದ ವರ್ಷವೇ ಅವರು ಬೇರೆ ದಡಕ್ಕೆ ಮೀನು ಇಳಿಸಿದ್ದು.

ಹೊಲದಮನೆ:

ಅಣ್ಣ, ಕೊನೆಯ ಸಾಲು ಓದಿ ಸುಮ್ನೆ ಕೂತೆ. ನಮ್ಮ ಮನೆಯಲ್ಲೂ ಬಿತ್ತನೆ ಬೀಜ, ಗೊಬ್ಬರದ ದುಡ್ಡು ಬರುವುದು ಅದೇ ಅಂಗಡಿಯಿಂದ. ಅದನ್ನು ಮೊದಲ ಸಲ ಬರೆಯುವಾಗ ಹೇಳಬೇಕಿತ್ತು. ನಮ್ಮ ಕಡೆ ಅದು ಎಷ್ಟು ಸಾಮಾನ್ಯ ಅಂದರೆ, ಬರೆಯಬೇಕು ಅಂತ ಹೊಳೆಯಲೇ ಇಲ್ಲ.

ಲೆಕ್ಕದಮೇಷ್ಟ್ರು:

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ಕೇರಳದ ಅಧ್ಯಯನ ಬಂದ ಮೇಲೆ ತುಂಬಾ ಜನ "ರೈತನಿಗೆ ಮಾಹಿತಿ ಕೊಡಿ, ಉಳಿದದ್ದು ತಾನೇ ಸರಿಹೋಗುತ್ತದೆ" ಅಂದುಕೊಂಡರು. ಆ ಮಾತು ಎಷ್ಟು ನಿಜ ಅಂತ ಬೇರೆ ಕಡೆ ಪರೀಕ್ಷಿಸಿದವರು ಇದ್ದಾರೆ. ಅವರು ಕಂಡದ್ದನ್ನು ಹೇಳುತ್ತೇನೆ.

ಮಹಾರಾಷ್ಟ್ರದಲ್ಲಿ ಮಾರ್ಸೆಲ್ ಫಾಫ್‌ಶಾಂ ಮತ್ತು ಬಾರ್ಟ್ ಮಿಂಟೆನ್ 100 ಹಳ್ಳಿ ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವು ಹಳ್ಳಿಯ ರೈತರಿಗೆ ಒಂದು ವರ್ಷ ಬೆಲೆ, ಹವಾಮಾನದ ಎಸ್‌ಎಂಎಸ್ ಸೇವೆ ಪುಕ್ಕಟೆ ಕೊಡಿಸಿದರು. ಈರುಳ್ಳಿ, ಟೊಮೆಟೊ, ದಾಳಿಂಬೆ, ಗೋಧಿ, ಸೋಯಾ ಬೆಳೆಯುವವರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ರೈತರಿಗೆ ಸಿಕ್ಕ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಪಶ್ಚಿಮ ಬಂಗಾಳದ ಆಲೂಗಡ್ಡೆ ಅಧ್ಯಯನ ನನಗೆ ಇನ್ನೂ ಹತ್ತಿರದ್ದು. ಸಂದೀಪ್ ಮಿತ್ರ, ದಿಲೀಪ್ ಮುಖರ್ಜಿ, ಮ್ಯಾಕ್ಸಿಮೊ ಟೊರೆರೊ, ಸುಜಾತಾ ವಿಸಾರಿಯಾ ಸೇರಿ ಮಾಡಿದ್ದು. 72 ಹಳ್ಳಿ. ಕೆಲವು ಹಳ್ಳಿಯಲ್ಲಿ ಆರಿಸಿದ ರೈತರಿಗೆ ಫೋನಿನಲ್ಲಿ ಸಗಟು ಬೆಲೆ ತಿಳಿಸಿದರು. ಕೆಲವು ಕಡೆ ಊರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕಿದರು. ಉಳಿದ ಹಳ್ಳಿಗಳಿಗೆ ಏನೂ ಹೇಳಲಿಲ್ಲ. ಸರಾಸರಿ ನೋಡಿದರೆ ರೈತನಿಗೆ ಸಿಕ್ಕ ಬೆಲೆ ಬದಲಾಗಲಿಲ್ಲ. ಮಾರಿದ ಪ್ರಮಾಣವೂ ಅಷ್ಟೇ. ಆದರೆ ಒಳಗೆ ಇಳಿದು ನೋಡಿದಾಗ ಬೇರೆ ಒಂದು ಕಂಡಿತು. ಸಗಟು ಬೆಲೆ ಏರಿದಾಗ, ಮಾಹಿತಿ ಇದ್ದ ರೈತನಿಗೆ ಆ ಏರಿಕೆಯಲ್ಲಿ ಮೊದಲಿಗಿಂತ ದೊಡ್ಡ ಪಾಲು ಸಿಕ್ಕಿತು. ಇಳಿದಾಗ ಇಳಿಕೆಯೂ ಅವನ ತಲೆಗೇ ಬಂತು.

ಯಾಕೆ ಹೀಗೆ? ಅಲ್ಲಿಯ ರೈತ ದೊಡ್ಡ ಮಾರುಕಟ್ಟೆಗೆ ನೇರವಾಗಿ ಹೋಗಿ ಮಾರುವ ಹಾಗಿಲ್ಲ. ಊರಿನ ವ್ಯಾಪಾರಿ ಬೇಡ ಅಂದರೆ, ಪಕ್ಕದ ಊರಿನ ಇನ್ನೊಬ್ಬ ವ್ಯಾಪಾರಿ. ಅವನೂ ಇವನಂತೆಯೇ. ಚೌಕಾಸಿ ಮಾಡುವಾಗ ನಮ್ಮ ಮಾತಿಗೆ ಬೆಲೆ ಬರುವುದು "ನೀನು ಕೊಡದಿದ್ದರೆ ಅಲ್ಲಿಗೆ ಹೋಗುತ್ತೇನೆ" ಅಂದಾಗ ತಾನೆ? ಆ "ಅಲ್ಲಿ" ಅನ್ನುವುದೇ ಇಲ್ಲದಿದ್ದರೆ ರೇಟು ಓದಿ ಏನು ಮಾಡುವುದು?

ಇದಕ್ಕೆ ಮಧ್ಯಪ್ರದೇಶದ ಸೋಯಾ ಕಥೆ ಜೋಡಿಸಿ ನೋಡಿ. 2000ದ ಅಕ್ಟೋಬರ್‌ನಿಂದ ಐಟಿಸಿ ಕಂಪನಿ ಹಳ್ಳಿಗಳಲ್ಲಿ ಇಂಟರ್ನೆಟ್ ಕಿಯಾಸ್ಕ್ ಇಟ್ಟು ಬೆಲೆ ತೋರಿಸಿತು. ಬರೀ ತೋರಿಸಲಿಲ್ಲ, ಗೋದಾಮು ಕಟ್ಟಿ ತಾನೇ ಕೊಂಡಿತು. ಅಪರಾಜಿತಾ ಗೋಯಲ್ ಇದನ್ನು ಅಧ್ಯಯನ ಮಾಡಿದರು. ಮಂಡಿಯಲ್ಲೇ ಸೋಯಾ ಬೆಲೆ ಶೇ. 1ರಿಂದ 3 ಏರಿತು. ಐಟಿಸಿಗೆ ಮಾರದವರಿಗೂ ಆ ಲಾಭ ಸಿಕ್ಕಿತು ಅಂತಾಯಿತು. ಹೋಗಲು ಇನ್ನೊಂದು ಬಾಗಿಲು ಇದೆ ಅಂತ ವ್ಯಾಪಾರಿಗೂ ಗೊತ್ತಿತ್ತಲ್ಲ.

ತಂಗಿ, ನಿಮ್ಮ ತಂದೆಯವರು ಕೇಳಿದ ಪ್ರಶ್ನೆಗೆ ಈ ಅಧ್ಯಯನಗಳೆಲ್ಲ ಸೇರಿದರೂ ಅರ್ಧ ಉತ್ತರವೇ ಸಿಗುತ್ತದೆ. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಮಂಡಿಮನೆ:

ನಮ್ಮದು ಮೂರು ತಲೆಮಾರಿನ ದಲ್ಲಾಳಿ ಅಂಗಡಿ. ಬೇಜಾರು ಮಾಡಿಕೊಳ್ಳದೆ ನಮ್ಮ ಮಾತೂ ಕೇಳಿ.

ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದರೆ ಎಷ್ಟು ದಿನ? ನಮ್ಮಲ್ಲಿ ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ, "ಅಣ್ಣಾರ, ಹೆಂಡತೀನ ಆಸ್ಪತ್ರೆಗೆ ಸೇರಿಸೀನಿ" ಅಂತ. ಬೆಳಿಗ್ಗೆ ಒಳಗೆ ದುಡ್ಡು ಮುಟ್ಟಿರುತ್ತದೆ. ಕಾಗದ ಇಲ್ಲ, ಸಹಿ ಇಲ್ಲ. ಮಳೆ ಕೈಕೊಟ್ಟ ವರ್ಷ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ನಮ್ಮ ಅಜ್ಜನ ಖಾತೆ ಪುಸ್ತಕದಲ್ಲಿ ಬಾರದೇ ಹೋದ ಬಾಕಿಗಳೂ ಇವೆ. ಮಾಲು ನಮ್ಮ ಅಂಗಡಿಗೇ ಬರಲಿ ಅಂತ ನಾವು ಬಯಸುವುದು ಆ ಭರವಸೆಯ ಮೇಲೆ.

ಎಲ್ಲರೂ ಹೀಗೇ ಇದ್ದಾರೆ ಅನ್ನುವುದಿಲ್ಲ. ತೂಕದಲ್ಲಿ, ಸ್ಯಾಂಪಲ್ ತೆಗೆಯುವುದರಲ್ಲಿ ಮೋಸ ಮಾಡುವವರನ್ನು ನಾನೂ ಕಂಡಿದ್ದೇನೆ. ಆದರೆ ರೈತನ ಸಾಲದ ಅಗತ್ಯವನ್ನು ಬೇರೆ ಯಾರೂ ಪೂರೈಸದೆ ಬರೀ ನಮ್ಮನ್ನು ತೆಗೆದುಬಿಟ್ಟರೆ, ರಾತ್ರಿ ಹತ್ತಕ್ಕೆ ಅವನು ಯಾರಿಗೆ ಫೋನ್ ಮಾಡಬೇಕು?

ಲೆಕ್ಕದಮೇಷ್ಟ್ರು:

ನಿಮ್ಮ ಮಾತನ್ನು ಒಪ್ಪುತ್ತೇನೆ ಸರ್. ಆ ಸಾಲಕ್ಕೆ ನಿಜವಾದ ಬೆಲೆ ಇದೆ. ನನ್ನ ತಕರಾರು ಒಂದೇ. ಬಡ್ಡಿ ಎಷ್ಟು ಅಂತ ಬಾಯಲ್ಲಿ ಹೇಳಿದ್ದು ಬೇರೆ, ಕ್ವಿಂಟಲಿಗೆ ಕಡಿಮೆಯಾಗಿ ಸಿಕ್ಕಿದ ಅರವತ್ತು ರೂಪಾಯಿ ಬೇರೆ. ಎರಡನ್ನೂ ಕೂಡಿಸಿದಾಗ ನಿಜವಾದ ಬಡ್ಡಿ ಎಷ್ಟಾಯಿತು ಅಂತ ರೈತನಿಗೆ ತಿಳಿಯುವುದಿಲ್ಲ. ಸಾಲದ ಲೆಕ್ಕ ಬೇರೆ, ಮಾಲಿನ ಲೆಕ್ಕ ಬೇರೆ ಇದ್ದರೆ ನಿಮಗೂ ಒಳ್ಳೆಯ ಹೆಸರು, ಅವರಿಗೂ ಸಮಾಧಾನ.

ಹಳೇಯಾರ್ಡು:

ಮಾರುಕಟ್ಟೆ ಯಾರ್ಡಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಇಲ್ಲಿ ಎಲ್ಲರೂ ಬಂಗಾಳ, ಮಹಾರಾಷ್ಟ್ರ ಅಂತ ಮಾತಾಡುತ್ತಿದ್ದೀರಿ. ನಮ್ಮ ಕರ್ನಾಟಕದಲ್ಲೇ ಒಂದು ದೊಡ್ಡ ಪ್ರಯೋಗ ಆಗಿದೆಯಲ್ಲ, ಅದನ್ನು ಯಾರೂ ಎತ್ತಲಿಲ್ಲ.

ಮೊದಲು ಟೆಂಡರ್ ಹೇಗಿತ್ತು ಗೊತ್ತಾ? ವರ್ತಕರು ರಾಶಿ ನೋಡಿ, ಚೀಟಿಯಲ್ಲಿ ಬೆಲೆ ಬರೆದು ಪೆಟ್ಟಿಗೆಗೆ ಹಾಕಬೇಕು. ಆಮೇಲೆ ಪೆಟ್ಟಿಗೆ ತೆರೆದು, ಒಂದೊಂದೇ ಚೀಟಿ ಓದಿ, ಲಾಟಿನ ಪ್ರಕಾರ ಜೋಡಿಸಿ, ಯಾರದು ಹೆಚ್ಚು ಅಂತ ಬರೆಯಬೇಕು. ಸುಗ್ಗಿಯಲ್ಲಿ ಇದು ಸಂಜೆವರೆಗೂ ಎಳೆಯುತ್ತಿತ್ತು. ರೈತರು ರಾಶಿಯ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಕಾಯುತ್ತಿದ್ದರು. ಚೀಟಿ ತಿದ್ದುವುದು, ತಡವಾಗಿ ಹಾಕುವುದು, ಎಲ್ಲದಕ್ಕೂ ಅಲ್ಲಿ ಜಾಗ ಇತ್ತು.

2014ರ ಫೆಬ್ರವರಿಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. ರಾಜ್ಯ ಸರ್ಕಾರ ಮತ್ತು ಕಂಪ್ಯೂಟರಿನಲ್ಲಿ ಸರಕು ವ್ಯಾಪಾರ ನಡೆಸುವ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸೇರಿ ಕಟ್ಟಿದ ಕಂಪನಿ ಇದನ್ನು ನಡೆಸಿತು. ಗೇಟಿನಲ್ಲಿ ಮಾಲು ಒಳಗೆ ಬರುವಾಗಲೇ ಲಾಟ್ ನಂಬರ್. ವರ್ತಕರು ಕಂಪ್ಯೂಟರಿನಲ್ಲಿ ಬೆಲೆ ಹಾಕುತ್ತಾರೆ. ಹೊತ್ತು ಮುಗಿದ ಕೂಡಲೇ ಯಾರದು ಹೆಚ್ಚು ಅಂತ ತಾನಾಗಿ ಬರುತ್ತದೆ. ರೈತನಿಗೆ ಒಪ್ಪಿಗೆ ಇಲ್ಲದಿದ್ದರೆ ಬೇಡ ಅನ್ನಬಹುದು. ಒಂದೇ ಲೈಸೆನ್ಸ್ ಇಟ್ಟುಕೊಂಡ ವರ್ತಕ ಬೇರೆ ಊರಿನ ಮಾರುಕಟ್ಟೆಯಲ್ಲೂ ಬೆಲೆ ಹಾಕಬಹುದು. 2016ರ ಏಪ್ರಿಲ್‌ನಲ್ಲಿ ಇಂಥದ್ದೇ ವೇದಿಕೆ ಇ-ನಾಮ್ ಅನ್ನುವ ಹೆಸರಿನಲ್ಲಿ ದೇಶಕ್ಕೆ ಬಂತು. ನಮ್ಮಲ್ಲಿ ಅದಕ್ಕೆ ಎರಡು ವರ್ಷ ಮೊದಲೇ ಶುರುವಾಗಿತ್ತು. ಈ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ಇದರಿಂದ ಬೆಲೆ ಏರಿತಾ ಅಂತ ಸಂಶೋಧನೆ ಮಾಡಿದವರಿದ್ದಾರೆ ಅಂತ ಕೇಳಿದ್ದೇನೆ. ಮೇಷ್ಟ್ರು ಹೇಳಲಿ.

ಲೆಕ್ಕದಮೇಷ್ಟ್ರು:

ಹೌದು ಯಜಮಾನರೆ, ನೀವು ನೆನಪಿಸಿದ್ದು ಒಳ್ಳೆಯದಾಯಿತು. ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೌಮ್ಯ ಸಿಂಘ್ವಿ, ಯಾನ್‌ಚಾಂಗ್ ಝೆಂಗ್ ಅವರ ಅಧ್ಯಯನ 2020ರಲ್ಲಿ ಬಂತು. ಎಲ್ಲ ಮಾರುಕಟ್ಟೆಗಳೂ ಒಂದೇ ದಿನ ವೇದಿಕೆಗೆ ಸೇರಲಿಲ್ಲ. ಕೇರಳದ ಟವರ್ ಹಾಗೆಯೇ, ಒಂದೊಂದೇ ಸೇರಿದವು. ಹಾಗಾಗಿ ಹೋಲಿಸಿ ನೋಡಲು ಸಾಧ್ಯವಾಯಿತು. ಮಾದರಿ ಬೆಲೆ, ಅಂದರೆ ಆ ದಿನ ಹೆಚ್ಚು ಮಾಲು ಮಾರಾಟವಾದ ಬೆಲೆ, ಭತ್ತಕ್ಕೆ ಶೇ. 5.1, ಶೇಂಗಾಕ್ಕೆ ಶೇ. 3.6, ಮೆಕ್ಕೆಜೋಳಕ್ಕೆ ಶೇ. 3.5 ಏರಿತು. ಹತ್ತಿ, ಹೆಸರು, ತೊಗರಿಗೆ ಮಾತ್ರ ಖಚಿತವಾಗಿ ಹೇಳುವಂಥ ಏರಿಕೆ ಕಾಣಲಿಲ್ಲ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಬರೆದವರಲ್ಲಿ ಮನೋಜ್ ರಾಜನ್ ಅವರು ಈ ವೇದಿಕೆ ನಡೆಸಿದ ಕಂಪನಿಯ ಮುಖ್ಯಸ್ಥರಾಗಿದ್ದವರು. ಓದುವಾಗ ಅದು ಗೊತ್ತಿರಲಿ. ಲೆಕ್ಕ ಮಾಡಿದ ರೀತಿ ನನಗೆ ಗಟ್ಟಿಯಾಗಿಯೇ ಕಂಡಿದೆ.

ತೊಗರಿನಾಡು:

ಕಲಬುರಗಿಯಿಂದ ಬರೆಯುತ್ತಿದ್ದೇನ್ರೀ. ತೊಗರಿಗೆ ಏರಲಿಲ್ಲ ಅಂತ ಓದಿ ನಮ್ಮ ಕಡೆಯವರು ಯಾರೂ ಆಶ್ಚರ್ಯ ಪಡುವುದಿಲ್ಲ. ಕಂಪ್ಯೂಟರ್ ಬಂತು, ಒಳ್ಳೆಯದೇ. ಆದರೆ ಬೆಲೆ ಹಾಕುವ ಕೈಗಳು ಎಷ್ಟು? ನಾನು ಮಾರಲು ಹೋದ ದಿನ ನನ್ನ ಲಾಟಿಗೆ ಬೆಲೆ ಹಾಕಿದವರು ಮೂರೇ ಜನ. ಬೇರೆ ಊರಿನವ ಹಾಕಬಹುದು ಅನ್ನುತ್ತೀರಿ. ನನ್ನ ತೊಗರಿಯನ್ನು ಕಣ್ಣಿಂದ ನೋಡದೆ, ಕೈಯಿಂದ ಮುಟ್ಟದೆ ಯಾಕೆ ಹಾಕುತ್ತಾನೆ? ಕಸ ಎಷ್ಟು, ತೇವ ಎಷ್ಟು, ಕಾಳು ಎಂಥದು ಅಂತ ನಂಬುವ ಹಾಗೆ ಯಾರಾದರೂ ಪರೀಕ್ಷೆ ಮಾಡಿ ಬರೆದು ಕೊಟ್ಟರೆ ತಾನೆ?

ಇನ್ನೊಂದು. ಮಾದರಿ ಬೆಲೆ ಅಂದರೆ ಆ ದಿನ ಹೆಚ್ಚು ಮಾಲು ಹೋದ ಬೆಲೆ. ನನ್ನ ಪಟ್ಟಿಯಲ್ಲಿ ಬಂದ ಬೆಲೆ ಅಲ್ಲವಲ್ಲ ಅದು. ನನ್ನಂಥ ಸಣ್ಣ ರೈತನ ಎಂಟು ಚೀಲಕ್ಕೂ ಅದೇ ಏರಿಕೆ ಸಿಕ್ಕಿತಾ?

ಲೆಕ್ಕದಮೇಷ್ಟ್ರು:

ಎರಡೂ ಮುಖ್ಯ ಪ್ರಶ್ನೆ. ಎರಡನೆಯದನ್ನು ಆ ಅಧ್ಯಯನ ಬಗೆಹರಿಸುವುದಿಲ್ಲ, ನಿಮ್ಮ ಆಕ್ಷೇಪ ನಿಲ್ಲುತ್ತದೆ. ಮೊದಲನೆಯದಕ್ಕೆ ಅವರೂ ನೀವು ಹೇಳಿದ್ದನ್ನೇ ಹೇಳುತ್ತಾರೆ. ಕೊಳ್ಳುವವರು ಕೆಲವರೇ ಇರುವುದು, ಸಾಗಣೆ ಕಷ್ಟ, ಗುಣಮಟ್ಟ ವಿಂಗಡಿಸಲು ವ್ಯವಸ್ಥೆ ಇಲ್ಲದಿರುವುದು. ಇವು ಇದ್ದ ಕಡೆ ಕಂಪ್ಯೂಟರಿನಿಂದ ಬರುವ ಲಾಭ ಸೊರಗುತ್ತದೆ.

ಮುಂದೆ ಅದೇ ತಂಡದವರು ನಮ್ಮ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಟೆಂಡರಿನ ನಿಯಮವನ್ನೇ ಸ್ವಲ್ಪ ಬದಲಿಸಿ ನೋಡಿದರು. 2019ರ ಫೆಬ್ರವರಿಯಲ್ಲಿ. ಎಂದಿನಂತೆ ಮೊದಲ ಸುತ್ತು ಮುಗಿಯುತ್ತದೆ. ಆಮೇಲೆ ಹೆಚ್ಚು ಬೆಲೆ ಹಾಕಿದ ಕೆಲವರಿಗೆ ಮಾತ್ರ ಇನ್ನೊಂದು ಅವಕಾಶ, ಬೆಲೆ ಏರಿಸಲು. ಎರಡನೇ ಸುತ್ತಿಗೆ ಬರಬೇಕು ಅನ್ನುವವನು ಮೊದಲ ಸುತ್ತಿನಲ್ಲೇ ತೀರಾ ಕಡಿಮೆ ಹಾಕುವಂತಿಲ್ಲ. ಬೆಲೆ ಸರಾಸರಿ ಶೇ. 4.7 ಏರಿತು. ಹೊಸ ಯಂತ್ರ ಇಲ್ಲ, ಸಬ್ಸಿಡಿ ಇಲ್ಲ. ವ್ಯಾಪಾರಿಯ ಮನಸ್ಸು ಹೇಗೆ ಓಡುತ್ತದೆ ಅಂತ ಅರ್ಥ ಮಾಡಿಕೊಂಡು ನಿಯಮ ಬರೆದದ್ದು ಅಷ್ಟೇ. ನನ್ನ ಮಟ್ಟಿಗೆ ಅರ್ಥಶಾಸ್ತ್ರ ಬಹಳ ಉಪಯೋಗಕ್ಕೆ ಬರುವುದು ಇಂಥ ಕಡೆಯೇ.

ಮಂಡಿಮನೆ:

ನನಗೆ ಆ ಎರಡು ಸುತ್ತಿನ ನಿಯಮದ ಬಗ್ಗೆ ತಕರಾರು ಇಲ್ಲ. ಬೆಲೆ ಹೆಚ್ಚಿದರೆ ನಮ್ಮ ಕಮಿಷನ್ನೂ ಹೆಚ್ಚುತ್ತದೆ.

ಹೊಲದಮನೆ:

ಶೇ. 3.5 ಅನ್ನುವುದನ್ನು ನಮ್ಮ ಮನೆಗೆ ಹಾಕಿ ನೋಡಿದೆ. ಕ್ವಿಂಟಲಿಗೆ 2000 ರೂಪಾಯಿ ಅಂತ ಇಟ್ಟುಕೊಂಡರೆ 70 ರೂಪಾಯಿ. ನೂರು ಕ್ವಿಂಟಲಿಗೆ 7000. ಖರ್ಚು ಅಷ್ಟೇ ಇರುವುದರಿಂದ ಇದು ಪೂರ್ತಿ ಲಾಭದ ಲೆಕ್ಕಕ್ಕೇ ಸೇರುತ್ತದೆ. ನಮ್ಮ ಮನೆಯಲ್ಲಿ 7000 ಅಂದರೆ ತಮ್ಮನ ಒಂದು ಟರ್ಮಿನ ಫೀಸು.

ಕಡಲದಂಡೆಯ ಅಣ್ಣ ಹೇಳಿದ ಹಾಗೆ ಟ್ರ್ಯಾಕ್ಟರ್ ಲೆಕ್ಕವನ್ನೂ ಹಾಕಿದೆ. ಆ ದಿನದ ಅರವತ್ತು ರೂಪಾಯಿಯಲ್ಲಿ ಬಾಡಿಗೆ, ಹಮಾಲಿ ಕಳೆದರೆ ಕ್ವಿಂಟಲಿಗೆ ಇಪ್ಪತ್ತು ಉಳಿಯುತ್ತಿತ್ತು. ಅಪ್ಪ ಆ ಇಪ್ಪತ್ತನ್ನು ಬಿಟ್ಟು, ಮುಂದಿನ ಜೂನಿನ ಬೀಜದ ದುಡ್ಡನ್ನು ಉಳಿಸಿಕೊಂಡರು. ಅವರ ಲೆಕ್ಕ ತಪ್ಪಾಗಿರಲಿಲ್ಲ.

ಕಣಜ:

ತಡವಾಗಿ ಬಂದೆ. ಎಲ್ಲರೂ "ಎಲ್ಲಿ ಮಾರಬೇಕು" ಅಂತ ಮಾತಾಡಿದಿರಿ. "ಯಾವಾಗ ಮಾರಬೇಕು" ಅನ್ನುವುದು ನನಗೆ ಇನ್ನೂ ದೊಡ್ಡದು ಅನಿಸುತ್ತದೆ.

ಕೀನ್ಯಾದ ಪಶ್ಚಿಮ ಭಾಗದಲ್ಲೂ ಮೆಕ್ಕೆಜೋಳವೇ ಮುಖ್ಯ ಬೆಳೆ. ಕೊಯ್ಲು ಮುಗಿದ ಕೂಡಲೇ ಬೆಲೆ ಪಾತಾಳಕ್ಕೆ. ಕೆಲವು ತಿಂಗಳು ಬಿಟ್ಟರೆ ಸಾಮಾನ್ಯವಾಗಿ ಶೇ. 25ರಿಂದ 40 ಮೇಲೆ. ಇದು ಅಲ್ಲಿನ ಪ್ರತಿ ರೈತನಿಗೂ ಗೊತ್ತು. ಆದರೂ ಕೊಯ್ಲಿನಲ್ಲೇ ಮಾರುತ್ತಾರೆ, ಆಮೇಲೆ ಮನೆಗೆ ಉಣ್ಣಲು ದುಬಾರಿಗೆ ಕೊಳ್ಳುತ್ತಾರೆ. ಯಾಕೆಂದರೆ ಜನವರಿಯಲ್ಲಿ ಮಕ್ಕಳ ಶಾಲೆ ಫೀಸು. ಬರ್ಕ್, ಬರ್ಗ್‌ಕ್ವಿಸ್ಟ್, ಮಿಗುಯೆಲ್ ಅನ್ನುವವರು ಅಲ್ಲಿ ಒಂದು ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ಕೆಲವು ರೈತರಿಗೆ ಕೊಯ್ಲಿನ ಹೊತ್ತಿಗೇ ಸಾಲ ಸಿಗುವಂತೆ ಮಾಡಿದರು. ಸಾಲ ಸಿಕ್ಕವರು ಕಾಳು ಕೂಡಿಟ್ಟರು, ಬೆಲೆ ಏರಿದಾಗ ಮಾರಿದರು. ಬಡ್ಡಿ ಕಟ್ಟಿಯೂ ಲಾಭ ಉಳಿಯಿತು. ನನಗೆ ತುಂಬಾ ಹಿಡಿಸಿದ್ದು ಮುಂದಿನದು. ಒಂದೇ ಪ್ರದೇಶದಲ್ಲಿ ತುಂಬಾ ಜನಕ್ಕೆ ಸಾಲ ಸಿಕ್ಕಾಗ, ಕೊಯ್ಲಿನ ಹೊತ್ತಿಗೆ ಮಾರುಕಟ್ಟೆಗೆ ಮಾಲು ಕಡಿಮೆ ಬಂತು. ಬೆಲೆಯ ಏರಿಳಿತವೇ ತಗ್ಗಿತು. ಸಾಲ ಪಡೆದವನಿಗೆ ಲಾಭ ಸ್ವಲ್ಪ ಇಳಿಯಿತು, ಆದರೆ ಸಾಲ ಪಡೆಯದ ನೆರೆಯವನಿಗೂ ಒಳ್ಳೆಯದಾಯಿತು.

ನಮ್ಮಲ್ಲೂ ಉಗ್ರಾಣದಲ್ಲಿ ಮಾಲು ಇಟ್ಟು ಅಡಮಾನ ಸಾಲ ತೆಗೆಯುವ ದಾರಿ ಇದೆ. ನಮ್ಮ ಊರಿನಲ್ಲಿ ಅದನ್ನು ಬಳಸಿದ ಸಣ್ಣ ರೈತರನ್ನು ನಾನು ಕಂಡದ್ದು ಇಬ್ಬರನ್ನೇ. ಉಗ್ರಾಣ ದೂರ, ತೇವಾಂಶ ಜಾಸ್ತಿ ಅಂತ ವಾಪಸ್ ಕಳಿಸುತ್ತಾರೆ, ಹತ್ತು ಚೀಲಕ್ಕೆ ಅಷ್ಟು ಓಡಾಟ ಯಾರಿಗೆ ಬೇಕು ಅನ್ನುತ್ತಾರೆ.

ಹಳೇಯಾರ್ಡು:

ತೇವಾಂಶದ ಮಾತು ನಿಜ. ಒಣಗಿಸಲು ಕಣ ಇಲ್ಲದೆ ರಸ್ತೆ ಮೇಲೆ ಹರಡುತ್ತಾರೆ. ಮೊದಲು ಕಣ, ಆಮೇಲೆ ಗೋದಾಮು. ಹತ್ತು ಮನೆಯವರು ಸೇರಿ ಒಟ್ಟಿಗೆ ಮಾಲು ತೆಗೆದುಕೊಂಡು ಹೋದರೆ ಉಗ್ರಾಣದವರೂ ಬೇಡ ಅನ್ನುವುದಿಲ್ಲ. ನಾನು ಕೆಲಸದಲ್ಲಿದ್ದಾಗ ಹಾಗೆ ಬಂದವರ ಕೆಲಸ ಬೇಗ ಆದದ್ದನ್ನು ನೋಡಿದ್ದೇನೆ.

ಹೊಲದಮನೆ:

ಎಲ್ಲರಿಗೂ ನಿಜವಾಗಿ ಋಣಿ. ಭಾನುವಾರ ಊರಿಗೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ಇಲ್ಲಿ ಬರೆದದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬಂಗಾಳದ ಆಲೂಗಡ್ಡೆಯವರ ಕಥೆಗೆ "ಅಲ್ಲೂ ಹಿಂಗೇ ಏನು" ಅಂದರು. ಮಂಡಿಮನೆಯವರು ಬರೆದದ್ದನ್ನು ಎರಡು ಸಲ ಓದಿಸಿದರು. "ಅವರು ಸುಳ್ಳು ಹೇಳಿಲ್ಲ" ಅಂದರು. ಅಮ್ಮ ಮಾತ್ರ ಕೀನ್ಯಾದ ಶಾಲೆ ಫೀಸಿನ ಹತ್ತಿರವೇ ನಿಂತರು. ಅಲ್ಲಿಯ ಹೆಂಗಸರೂ ಕಾಳು ಮಾರಿ ಆಮೇಲೆ ಕಾಳು ಕೊಳ್ಳುತ್ತಾರಾ ಅಂತ ಕೇಳಿದರು.

ಈ ಸಲ ಅರ್ಧ ಮಾಲು ಅಂಗಡಿಗೆ, ಬಾಕಿ ತೀರಿಸಲು. ಉಳಿದ ಅರ್ಧಕ್ಕೆ ಅಪ್ಪ ಪಕ್ಕದ ಮೂರು ಮನೆಯವರ ಹತ್ತಿರ ಮಾತಾಡಿದ್ದಾರೆ. ನಾಲ್ಕು ಮನೆಯದು ಸೇರಿದರೆ ಒಂದು ಲಾರಿ ಲೋಡ್ ಆಗುತ್ತದೆ. ಉಗ್ರಾಣದಲ್ಲಿ ಎಷ್ಟು ತೇವಾಂಶಕ್ಕೆ ಒಪ್ಪುತ್ತಾರೆ, ಬಾಡಿಗೆ ಎಷ್ಟು ಅಂತ ಬುಧವಾರ ಹೋಗಿ ಕೇಳಿಕೊಂಡು ಬರುತ್ತೇನೆ. ತಿಳಿದದ್ದನ್ನು ಇಲ್ಲೇ ಬರೆಯುತ್ತೇನೆ.